ಬಾನೆಟ್ ಎತ್ತಿಡಿ

ಹಳೇ ಕಾರುಗಳ ಮೇಳದ ಟೇಪು ಕತ್ತರಿಸಲು ಗ್ಯಾರೇಜಿನವನನ್ನು ಕರೆದಿದ್ದೀರಿ, ಸಂತೋಷ. ಮೈದಾನದಲ್ಲಿ ಬ್ಯೂಕ್, ಆಸ್ಟಿನ್ ಎಲ್ಲ ಇವೆ. ಅವುಗಳ ವಿಚಾರ ಬಲ್ಲವರು ಹೇಳಲಿ. ನನ್ನ ಕೈಗೆ ಮಸಿ ಹತ್ತಿದ್ದು ಅಂಬಾಸಿಡರ್ ಮತ್ತು ಫಿಯೆಟ್‌ನಿಂದ.

ಎರಡರಲ್ಲಿ ಯಾವುದು ವಾಸಿ ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. ಮದುವೆ ದಿಬ್ಬಣಕ್ಕೆ ಅಂಬಾಸಿಡರ್, ಘಾಟಿಗೆ ಫಿಯೆಟ್. ಅಂಬಾಸಿಡರ್‌ನ ಹಳೇ ಎಂಜಿನ್ 1489 ಸಿಸಿ. ಹಿಂದೆ ನಾಲ್ವರು, ಮುಂದೆ ಮೂವರು, ಡಿಕ್ಕಿ ತುಂಬ ಪಾತ್ರೆ. ಮಣ್ಣು ರಸ್ತೆಯಲ್ಲೂ ಗೊಣಗದೆ ಹೋಗುತ್ತಿತ್ತು. ಫಿಯೆಟ್‌ನದು 1089 ಸಿಸಿ, ಆದರೆ ಮೈ ಹಗುರ. ಆಗುಂಬೆಯ ತಿರುವಿನಲ್ಲಿ ಸ್ಟೀರಿಂಗ್ ಹೇಳಿದ ಮಾತು ಕೇಳುತ್ತದೆ. ಅಂಬಾಸಿಡರ್ ತಿರುಗಿಸಲು ಭುಜದಲ್ಲಿ ಕಸುವು ಬೇಕು. ಬೇಸಿಗೆಯ ಏರಿನಲ್ಲಿ ಮಾತ್ರ ಎರಡೂ ಒಂದೇ: ಫ್ಯೂಯೆಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೀಡಿ ಹಚ್ಚಿ ಕಾಯಬೇಕು.

ಸಾಕುವ ಖರ್ಚು ನೋಡುವವರು ಫಿಯೆಟ್ ಕಡೆಗೇ ವಾಲುತ್ತಿದ್ದರು. ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೊಂಡದ್ದೂ ಫಿಯೆಟ್ಟೇ, ಅದೂ ಬ್ಯಾಂಕ್ ಸಾಲ ಮಾಡಿ. 1966ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಸಾಲವನ್ನು ಲಲಿತಾ ಶಾಸ್ತ್ರಿಯವರು ತೀರಿಸಿದರು.

ಪದ್ಮಿನಿ ಎಂಬ ಹೆಸರಿನಲ್ಲಿ ಬರುತ್ತಿದ್ದ ಫಿಯೆಟ್ ಈ ಶತಮಾನದ ಹೊಸ್ತಿಲಲ್ಲೇ ನಿಂತಿತು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ 2014ರಲ್ಲಿ ನಿಂತಿತು. ಸಾಮಾನು ಗುಜರಿಯಲ್ಲಾದರೂ ಹುಡುಕಿದರೆ ಸಿಗುತ್ತದೆ. ಜೋಡಿಸುವ ಕೈ ಎಲ್ಲಿಂದ ತರೋಣ? ಈಗಿನ ಹುಡುಗರು ಜಾಣರು, ಸ್ಕ್ಯಾನರ್ ಚುಚ್ಚಿ ದೋಷ ಹೇಳುತ್ತಾರೆ. ಈ ಕಾರುಗಳಲ್ಲಿ ಚುಚ್ಚಲು ಜಾಗವೇ ಇಲ್ಲ. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಒತ್ತಿ ಟಪ್ಪೆಟ್ ಸದ್ದು ಕೇಳಬೇಕು. ಕಾರ್ಬ್ಯುರೇಟರ್ ತಿರುಪನ್ನು ಕಾಲು ಸುತ್ತು ತಿರುಗಿಸುವುದು, ಕೇಳುವುದು, ಮತ್ತೆ ಕಾಲು ಸುತ್ತು. ಎಂಜಿನ್ ನಡುಕ ಬಿಟ್ಟು ಒಂದೇ ಸಮ ಗುನುಗಿದಾಗ ಕೈ ತೆಗೆಯಬೇಕು. ಇದನ್ನು ಹತ್ತಿರ ನಿಂತೇ ಕಲಿಯಬೇಕು.

ಇನ್ನೊಂದು ತೊಡಕು. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ಕಾರು ಕವರಿನೊಳಗೆ ಮಲಗುತ್ತದೆ, ಹುಡುಗರಿಗೆ ಕಲಿಯಲು ಸಿಗುವುದಿಲ್ಲ.

ಕಾರುಗಳ ಯಜಮಾನರಲ್ಲಿ ಒಂದು ಬೇಡಿಕೆ. ಇಲ್ಲಿ ಐಟಿಐ ಹುಡುಗರು, ಹುಡುಗಿಯರು ಬಂದಿದ್ದಾರೆ. ‘ಮುಟ್ಟಬೇಡಿ’ ಬೋರ್ಡು ತೆಗೆದು ಬಾನೆಟ್ ಎತ್ತಿಡಿ. ಪಾಲಿಶ್ ಮೇಲೆ ಬೆರಳಿನ ಗುರುತು ಬಿದ್ದರೆ ಒರೆಸಿಕೊಳ್ಳಬಹುದು. ಮುಂದಿನ ವರ್ಷದ ಬಹುಮಾನದಲ್ಲಿ ಒಂದನ್ನು, ಅತಿ ಹೊಳೆಯುವ ಕಾರಿನ ಬದಲು, ಅದನ್ನು ಸ್ಟಾರ್ಟ್ ಮಾಡಿಸಿದ ಹುಡುಗನಿಗೋ ಹುಡುಗಿಗೋ ಕೊಡಿ.

ಮೇಳ ಆರಂಭವಾಯಿತು ಎಂದು ಘೋಷಿಸುತ್ತೇನೆ. ಊಟವಾದ ಮೇಲೆ ಆ ಬಿಳಿ ಫಿಯೆಟ್ ಹತ್ತಿರ ಫೀಲರ್ ಗೇಜ್ ಹಿಡಿದು ಕೂತಿರುತ್ತೇನೆ. ಪಾಯಿಂಟ್ ಸೆಟ್ ಮಾಡುವುದು ಕಲಿಯಬೇಕೆನ್ನುವವರು ಹಳೇ ಅಂಗಿ ಹಾಕಿಕೊಂಡು ಬನ್ನಿ.