ಸಂಜೆಗಣ್ಣಿಗೆ ಕಂಡದ್ದು



ತೊಂಬತ್ತು ದಾಟಿದ ಹಿರಿಯರೊಬ್ಬರು ‘ದೇವರು’ ಎಂಬ ಪುಸ್ತಕ ಬರೆದರು ಎಂದರೆ, ಭಕ್ತಿಯ ಪುಸ್ತಕವೇ ಇರಬೇಕು ಎಂದುಕೊಳ್ಳುತ್ತೇವೆ. 1991ರಲ್ಲಿ ಬಂದ ಎ. ಎನ್. ಮೂರ್ತಿರಾಯರ ‘ದೇವರು’ ಆ ಎಣಿಕೆಯನ್ನೇ ತಲೆಕೆಳಗು ಮಾಡಿತು. ಸರ್ವಶಕ್ತನೂ ಕರುಣಾಳುವೂ ಆದ ಒಬ್ಬನಿದ್ದರೆ, ಏನೂ ಅರಿಯದ ಮಗು ನರಳುವುದೇಕೆ? ತಡೆಯಲಾರನೆಂದರೆ ಸರ್ವಶಕ್ತನಲ್ಲ, ತಡೆಯಲೊಲ್ಲನೆಂದರೆ ಕರುಣಾಳುವಲ್ಲ. ಈ ಹಳೆಯ ತೊಡಕನ್ನು ಅವರು ಬಿಡದೆ ಹಿಡಿದು, ಅಂಥ ದೇವರಿಲ್ಲ ಎಂಬ ತೀರ್ಮಾನಕ್ಕೆ ಬಂದರು. ನಂಬುವವರನ್ನು ಹೀಯಾಳಿಸಲಿಲ್ಲ. ಜಗಲಿಯ ಮೇಲೆ ಕೂತು ಮನೆಯವರೊಡನೆ ಮಾತಾಡುವ ದನಿಯಲ್ಲೇ ಹೇಳಿದರು. ನನಗೆ ಅವರ ತೀರ್ಮಾನದಷ್ಟೇ ಆ ದನಿಯೂ ಮುಖ್ಯ.

ಆ ದನಿ ಎಲ್ಲಿಂದ ಬಂತು? ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ, ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನಲ್ಲಿ. ಹೆಸರಿನ ಮೊದಲಿರುವ ‘ಎ’ ಆ ಊರೇ. ಓದಿದ್ದು, ಪಾಠ ಹೇಳಿದ್ದು ಇಂಗ್ಲಿಷ್ ಸಾಹಿತ್ಯ. ಅಲ್ಲಿ ಸವಿದ ಹರಟೆಯ ಪ್ರಬಂಧವನ್ನು 1937ರ ‘ಹಗಲುಗನಸುಗಳು’ ಸಂಕಲನದಲ್ಲಿ ಅಪ್ಪಟ ಕನ್ನಡದ್ದಾಗಿಸಿದರು. ಮೈಸೂರಿನ ಆಕಾಶವಾಣಿಯಲ್ಲೂ ಕೆಲಸ ಮಾಡಿದವರು. ಎದುರಿಗಿಲ್ಲದ ಕೇಳುಗನನ್ನು ಎದುರಿಗೇ ಕೂರಿಸಿಕೊಂಡು ಮಾತಾಡುವ ಕಷ್ಟ ಅವರಿಗೆ ಗೊತ್ತಿತ್ತು.

ಮೂರ್ತಿರಾಯರು ವಿಮರ್ಶಕರೂ ಹೌದು. ಆ ವಿಮರ್ಶಕನನ್ನು ಹತ್ತಿರದಿಂದ ನೋಡಬೇಕಾದರೆ ಒಂದು ಅನುವಾದದ ಹೆಸರು ಸಾಕು. ಫ್ರಾನ್ಸಿನ ಮೋಲಿಯೇರ್ ಬರೆದ ‘ತಾರ್ತೂಫ್’ ನಾಟಕದಲ್ಲಿ ಧರ್ಮಾತ್ಮನ ಸೋಗು ಹಾಕಿದವನೊಬ್ಬ ಗೃಹಸ್ಥನ ಮನೆ ಸೇರುತ್ತಾನೆ. ಊರಿಂದ ಮರಳಿದ ಯಜಮಾನನಿಗೆ ಹೆಂಡತಿಯ ಜ್ವರದ ಸುದ್ದಿ ಹೇಳಿದರೆ, ಅವನು ಮತ್ತೆ ಮತ್ತೆ ಕೇಳುವುದು ಆ ಡಾಂಭಿಕನ ಯೋಗಕ್ಷೇಮವನ್ನೇ! ಮೂರ್ತಿರಾಯರು ಇದನ್ನು ಕನ್ನಡಕ್ಕೆ ತಂದು ‘ಆಷಾಢಭೂತಿ’ ಎಂದು ಕರೆದರು. ಪಂಚತಂತ್ರದ ಆಷಾಢಭೂತಿ ಶಿಷ್ಯನ ವೇಷದಲ್ಲಿ ಸನ್ಯಾಸಿಯ ನಂಬಿಕೆ ಗಳಿಸಿ, ಅವನ ಹಣವನ್ನೇ ಹೊತ್ತುಕೊಂಡು ಹೋದವನು. ಆ ಹೆಸರು ಕೇಳಿದೊಡನೆ ನಾಟಕ ನಮ್ಮೂರಿನದಾಗುತ್ತದೆ. ಎರಡು ಸಾಹಿತ್ಯಗಳ ಒಳಗುಟ್ಟು ಬಲ್ಲವರಿಗೆ ಮಾತ್ರ ಹೊಳೆಯುವ ಹೆಸರು ಅದು. ಸೋಗಿನ ಮೇಲಿನ ಈ ಸಿಟ್ಟೇ ಮುಂದೆ ‘ದೇವರು’ ಬರೆಸಿತೆಂದು ನಾನು ತಿಳಿದಿದ್ದೇನೆ.

ಮಾಸ್ತಿಯವರ ಕಥೆಗಳ ಬಗ್ಗೆ, ಷೇಕ್ಸ್‌ಪಿಯರ್ ಬಗ್ಗೆ ಅವರು ಪುಸ್ತಕಗಳನ್ನೇ ಬರೆದರು. ಪಾಂಡಿತ್ಯದ ಭಾರ ಓದುಗನ ತಲೆಗೆ ಹೊರಿಸಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದರು, 1984ರ ಕೈವಾರದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರದೇ.

‘ಚಿತ್ರಗಳು-ಪತ್ರಗಳು’ ಎಂಬ ನೆನಪಿನ ಪುಸ್ತಕಕ್ಕೆ 1979ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಆತ್ಮಕಥೆಯ ಹೆಸರು ‘ಸಂಜೆಗಣ್ಣಿನ ಹಿನ್ನೋಟ’. ಸಂಜೆಗಣ್ಣು! ಮುಸ್ಸಂಜೆಯಲ್ಲಿ ವಸ್ತುಗಳ ಅಂಚು ಮಸುಕಾಗುತ್ತದೆ, ನೆರಳು ಉದ್ದವಾಗುತ್ತದೆ. ನೆನಪು ಹೇಳಲು ಹೊರಟವರು ತಮ್ಮ ಕಣ್ಣಿನ ಮಿತಿಯನ್ನು ಮುಖಪುಟದ ಮೇಲೆಯೇ ಒಪ್ಪಿಕೊಂಡಿದ್ದಾರೆ. ಬೇರೆಯವರ ಬರಹವನ್ನು ತೂಗಿ ನೋಡಿದ ತಕ್ಕಡಿಯಲ್ಲೇ ತಮ್ಮ ಬಾಳನ್ನೂ ಇಟ್ಟರು.

2003ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವರಿಗೆ ನೂರಮೂರು. ಅವರನ್ನು ಇನ್ನೂ ಓದಿಲ್ಲದವರು ‘ಹಗಲುಗನಸುಗಳು’ ಕೈಗೆತ್ತಿಕೊಳ್ಳಿ. ಅದು ಮುಗಿದ ಮೇಲೆ ‘ದೇವರು’ ತೆರೆಯಿರಿ. ನಡುವೆ ಐವತ್ತನಾಲ್ಕು ವರ್ಷ ಕಳೆದಿದ್ದರೂ ಮಾತಾಡುತ್ತಿರುವವರು ಅದೇ ಮೂರ್ತಿರಾಯರೆಂದು ಮೊದಲ ಪುಟಗಳಲ್ಲೇ ಗುರುತು ಹತ್ತುತ್ತದೆ.