ಜೋಗಪ್ಪನವರೂ ಕಾಯಿದೆಯೂ

ನವಲಗುಂದ, ಅಣ್ಣಿಗೇರಿಗಳ ಕಡೆಯವರಾದ ನಿಮಗೆ ಜೋಗಪ್ಪನವರು ಹೊಸಬರಲ್ಲ. ಸವದತ್ತಿ ಎಲ್ಲಮ್ಮನ ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಬಾಗಿಲಿಗೆ ಬಂದರೆ ಮೊರದ ತುಂಬ ಜೋಳ ನೀಡಿ ಕೈಮುಗಿಯುತ್ತೀರಿ.

ಕಾಯಿದೆ ಅವರನ್ನು ಕಂಡ ಬಗೆಯೇ ಬೇರೆ. ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ 36-ಎ ಎಂಬ ಕಲಮು ಸೇರಿತು. ಹುಡುಗರನ್ನು ಅಪಹರಿಸುವರೆಂಬ ಸಂಶಯವುಳ್ಳ ‘ನಪುಂಸಕ’ರ ಹೆಸರು, ವಾಸಸ್ಥಳಗಳನ್ನು ಪೊಲೀಸ್ ಕಮಿಷನರರು ಪಟ್ಟಿಮಾಡಿಸಬಹುದೆಂದು ಅದರ ತಾತ್ಪರ್ಯ. ಕಮಿಷನರರಿರುವ ಹುಬ್ಬಳ್ಳಿ-ಧಾರವಾಡದಲ್ಲಿ ನೆಲಸಿದ ಜೋಗಪ್ಪನವರೂ ಆ ಪಟ್ಟಿಗೆ ಬೀಳಬಹುದಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಬ್ರಿಟಿಷರು ಬರೆದದ್ದೂ ಇಂಥದೇ ಮಾತು. ಅಪಹರಿಸಿದವನನ್ನು ಹಿಡಿಯಲು ಎಲ್ಲರಿಗೂ ಇರುವ ಕಲಮು ಸಾಲದೆ?

ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯವರು ಹೈಕೋರ್ಟಿಗೆ ಹೋದರು. ವ್ಯಾಜ್ಯ ನಡೆದಿರುವಾಗಲೇ, 2016ರಲ್ಲಿ, ಸರಕಾರ ಆ ಶಬ್ದವನ್ನು ಕಿತ್ತುಹಾಕಿತು. ಕಲಮನ್ನಲ್ಲ, ಶಬ್ದವನ್ನು ಮಾತ್ರ.

ಆದರೆ ಮೊರದ ಜೋಳ ನೌಕರಿಯಲ್ಲವಷ್ಟೆ. ಪೊಲೀಸ್ ಭರತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಇದ್ದುದನ್ನು ‘ಸಂಗಮ’ ಸಂಸ್ಥೆ 2020ರಲ್ಲಿ ಅದೇ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2021ರಲ್ಲಿ ನಿಯಮ ತಿದ್ದುಪಡಿಯಾಗಿ, ರಾಜ್ಯದ ನೇರ ನೇಮಕಾತಿಯಲ್ಲಿ ಶೇಕಡಾ 1 ಮೀಸಲಾತಿ ದೊರೆಯಿತು. ಅರ್ಜಿಯ ನಮೂನೆಯಲ್ಲಿ ‘ಇತರೆ’ ಎಂಬ ಅಂಕಣವನ್ನೂ ಇಡತಕ್ಕದ್ದು. ಊರಲ್ಲಿ ಅರ್ಜಿ ಬರೆದುಕೊಡುವ ಮಾಸ್ತರರು ಇದನ್ನು ಗಮನಿಸಬೇಕು.