ಅಜ್ಜನ ಜಮೀನಿನ ಕಡತ ಕೇಳೋಣ

ಗೆಳೆಯರೇ, ಸರ್ಕಾರ ನಮ್ಮ ಅಜ್ಜಂದಿರಿಗೆ ಕೊಟ್ಟ ದರಖಾಸ್ತು ಜಮೀನು ಎಷ್ಟೋ ಊರಲ್ಲಿ ಉಳ್ಳವರ ಪಾಲಾಗಿದೆ. ಬಿಡಿಸಿಕೊಳ್ಳೋಕೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ; ಕಾಲಮಿತಿಯಿಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಆದರೆ ಉಪವಿಭಾಗಾಧಿಕಾರಿ ಮುಂದೆ ಬರಿಗೈಲಿ ನಿಂತರೆ ಏನು ಬಂತು? ಮಂಜೂರಾತಿ ಆದೇಶ, ಸಾಗುವಳಿ ಚೀಟಿ ಬೇಕು.

ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿನಲ್ಲಿತ್ತು. ಹಳೇ ಕಡತ ಅಲ್ಲಿದೆ, ಇಲ್ಲಿದೆ ಅಂತ ಅಲೆಸಿದರೆ ನಾವು ಅಲೆಯೋದು ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಕಡತ ಇರೋ ಕಚೇರಿಗೆ 5 ದಿನದೊಳಗೆ ಅರ್ಜಿ ಕಳಿಸೋದು ಅವರ ಕೆಲಸ. ಶುಲ್ಕ 10 ರೂಪಾಯಿ. ಯಾಕೆ ಬೇಕು ಅಂತ ಹೇಳಬೇಕಿಲ್ಲ. ಸ್ವೀಕೃತಿ ಸೀಲು ಬೀಳದೆ ಟೇಬಲ್ ಬಿಟ್ಟು ಕದಲಬೇಡಿ! 30 ದಿನಕ್ಕೆ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕೋಣ.

ಈ ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನು ಕೂರಿಸಿಕೊಂಡು ಸರ್ವೆ ನಂಬರು, ಚಕ್ಕುಬಂದಿ ಬರೆದುಕೊಂಡು ಬನ್ನಿ.